ಇಲಿನಾಯ್‌ನ ಬಿಷಪ್ ಹಿಲ್ ಕಾಲನಿ ಮುರಿದುಬಿದ್ದದ್ದು ನಾಯಕನ ಕೊಲೆಯಿಂದಲೇ? ಈಗ ಹೋದರೆ ನೋಡಲು ಏನಿದೆ?

ಕೊಲೆಯಿಂದಲ್ಲ, ಲೆಕ್ಕಪತ್ರದಿಂದ. ಬಿಷಪ್ ಹಿಲ್ ಎಂದರೆ ಅಮೆರಿಕದಲ್ಲಿ ಸ್ವೀಡನ್ನಿನ ಒಂದು ಧಾರ್ಮಿಕ ಪಂಥದವರು ಕಟ್ಟಿದ, ಆಸ್ತಿಯೆಲ್ಲ ಎಲ್ಲರಿಗೂ ಸೇರಿದ್ದ ಊರು. ಅದರ ನಾಯಕ ಎರಿಕ್ ಯಾನ್ಸನ್‌ಗೆ ಗುಂಡು ಬಿದ್ದದ್ದು 1850ರ ಮೇ 13ರಂದು. ಕಾಲನಿ ಬರಖಾಸ್ತಾದದ್ದು 1861ರಲ್ಲಿ. ಊರು ದುಡ್ಡು ಕಂಡದ್ದೂ ಕಳೆದದ್ದೂ ಈ ನಡುವಿನ ವರ್ಷಗಳಲ್ಲೇ.

ಯಾನ್ಸನ್ ಸ್ವೀಡನ್ನಿನ ಬೋಧಕ. ಬೈಬಲ್ ಒಂದೇ ಸಾಕೆಂದು, ಸ್ವೀಡನ್ನಿನ ಚರ್ಚು ಅನುಸರಿಸುತ್ತಿದ್ದ ಧರ್ಮಸುಧಾರಕ ಲೂಥರನ ಪುಸ್ತಕಗಳನ್ನು ಸುಡಿಸಿ ಜೈಲು ಕಂಡವನು. 1846ರಲ್ಲಿ ಅವನ ಹಿಂಬಾಲಕರು ನ್ಯೂಯಾರ್ಕ್, ಈರಿ ಕಾಲುವೆ, ಮಹಾಸರೋವರಗಳ ದಾರಿಯಲ್ಲಿ ಶಿಕಾಗೊ ತಲುಪಿದರು. ಅಲ್ಲಿಂದ ಬಹಳಷ್ಟು ಜನ ಸುಮಾರು 160 ಮೈಲಿ ನಡೆದೇ ಬಂದರು. ಅವನ ಹುಟ್ಟೂರು ಬಿಸ್ಕೊಪ್ಸ್‌ಕುಲ್ಲಾದ ಹೆಸರೇ ಇಂಗ್ಲಿಷಿಗೆ ತಿರುಗಿ ಬಿಷಪ್ ಹಿಲ್ ಆಯಿತು. ಮೊದಲ ಚಳಿಗಾಲ ಕಳೆದದ್ದು ದಿಬ್ಬ ಕೊರೆದು ಮಾಡಿದ ಗುಂಡಿಮನೆಗಳಲ್ಲಿ. ನೂರರ ಹತ್ತಿರ ಜನ ಸತ್ತರು. 1849ರಲ್ಲಿ ಕಾಲರಾ ಬೇರೆ.

ಕೊಲೆ ಮನೆಜಗಳದ್ದು. ಯಾನ್ಸನ್‌ನ ಸೋದರಸಂಬಂಧಿಯನ್ನು ಮದುವೆಯಾದ ಜಾನ್ ರೂಟ್, ಹೆಂಡತಿಯನ್ನು ಕರೆದೊಯ್ಯಲು ಕಾಲನಿ ಬಿಡದಿದ್ದಾಗ ಕೇಂಬ್ರಿಜ್ ಊರಿನ ಕೋರ್ಟಿನಲ್ಲೇ ಗುಂಡು ಹಾರಿಸಿದ.

1853ರಲ್ಲಿ ಆಸ್ತಿಯೆಲ್ಲ ಏಳು ಟ್ರಸ್ಟಿಗಳ ಕೈಗೆ ಹೋಯಿತು. ಊಟ ಒಂದೇ ಅಡುಗೆಮನೆಯದು, ಕೂಲಿ ಯಾರಿಗೂ ಇಲ್ಲ. ಪೊರಕೆಗೆ ಬಳಸುವ ಜೋಳದ ಬೆಳೆಯಿಂದ ಒಳ್ಳೆಯ ಹಣ ಬಂತು. ಎಡವಟ್ಟಾದದ್ದು ಇಲ್ಲಿ: ಲೆಕ್ಕ ಕೇಳುವ ಹಕ್ಕು ದುಡಿಯುವವರ ಕೈಯಲ್ಲಿರಲಿಲ್ಲ. ಓಲೊಫ್ ಜಾನ್ಸನ್ ಎಂಬ ಟ್ರಸ್ಟಿ ರೈಲ್ವೆ ಮುಂತಾದವುಗಳಿಗೆ ಹಣ ಸುರಿದ. 1857ರ ಆರ್ಥಿಕ ಕುಸಿತದಲ್ಲಿ ಅದು ಮುಳುಗಿತು. ಅದಕ್ಕೂ ಮೊದಲೇ, 1854ರಲ್ಲಿ, ಮದುವೆಯಾದವರಿಗೂ ಬ್ರಹ್ಮಚರ್ಯ ಹೇರಿದ್ದರು. ಮನಸ್ಸುಗಳು ಒಡೆಯಲು ಅದೇ ಸಾಕಿತ್ತು ಅನ್ನಿ. ಜಮೀನು ಪಾಲಾದ ಮೇಲೂ ಹಳೆ ಸಾಲ ತಲೆಗಿಷ್ಟು ಎಂದು ಹಂಚಿಬಂತು. ಕೋರ್ಟು ವ್ಯಾಜ್ಯ 1879ರವರೆಗೆ ಎಳೆಯಿತು.

ಈಗ ಅಲ್ಲಿರುವವರು ನೂರಿಪ್ಪತ್ತಕ್ಕಿಂತ ಕಡಿಮೆ. ಮೊದಲು 1848ರ ಚರ್ಚು ನೋಡಿ: ಮೇಲೆ ಪ್ರಾರ್ಥನೆಯ ಹಾಲ್, ಕೆಳಗೆ ಒಂದೊಂದು ಸಂಸಾರಕ್ಕೆ ಒಂದೊಂದು ಕೋಣೆ. ಆ ಬದುಕು ಎಷ್ಟು ಇಕ್ಕಟ್ಟಿನದೆಂದು ಓದಿದ್ದಕ್ಕಿಂತ ಚೆನ್ನಾಗಿ ಅಲ್ಲೇ ಗೊತ್ತಾಗುತ್ತದೆ. 1854ರ ಸ್ಟೀಪಲ್ ಕಟ್ಟಡದ ಗಡಿಯಾರಕ್ಕೆ ಗಂಟೆಯ ಮುಳ್ಳು ಮಾತ್ರ, ನಿಮಿಷದ್ದಿಲ್ಲ. ಓಲೊಫ್ ಕ್ರಾನ್ಸ್‌ನ ಚಿತ್ರಗಳನ್ನು ಬಿಡಬೇಡಿ. ಹೆಂಗಸರು ಸಾಲುಗಟ್ಟಿ ಮೆಕ್ಕೆಜೋಳ ಬಿತ್ತುವ ಚಿತ್ರವಂತೂ ಅದ್ಭುತ. ಆದರೆ ಹುಡುಗನಾಗಿ ಕಂಡದ್ದನ್ನು ಅವನು ದಶಕಗಳ ನಂತರ ನೆನಪಿನಿಂದ ಬರೆದದ್ದು, ಫೋಟೋದಷ್ಟು ಖಚಿತವೆಂದು ನಂಬಬೇಡಿ. ಬಿಗ್ ಬ್ರಿಕ್ ಎಂಬ ದೊಡ್ಡ ವಸತಿ ಕಟ್ಟಡ 1928ರಲ್ಲಿ ಸುಟ್ಟುಹೋಯಿತು, ಹುಡುಕಬೇಡಿ.

ಹೋಗುವುದಾದರೆ ಸೆಪ್ಟೆಂಬರಿನ ಕೊನೆಯ ವಾರಾಂತ್ಯ, ಸುಗ್ಗಿ ಹಬ್ಬ ಯೋರ್ಡ್‌ಬ್ರೂಕ್ಸ್‌ಡಾಗರ್ನಾ ಸಮಯ. ಇಲ್ಲವೇ ಡಿಸೆಂಬರಿನ ಸ್ವೀಡಿಶ್ ದೀಪದ ಹಬ್ಬ, ಲೂಸಿಯಾ ರಾತ್ರಿಗಳು. ಬೇರೆ ದಿನಗಳಲ್ಲಾದರೆ ಯಾವ ಕಟ್ಟಡ ತೆರೆದಿದೆ ಎಂದು ಫೋನಿನಲ್ಲಿ ಕೇಳಿ ಹೊರಡಿ. ಶಿಕಾಗೊದಿಂದ ಕಾರಿನಲ್ಲಿ ಎರಡೂವರೆ-ಮೂರು ಗಂಟೆ, ಊರೊಳಕ್ಕೆ ರೈಲಿಲ್ಲ.