ಗಣಿತ ನಮ್ಮ ತಲೆಯಲ್ಲಿ ಹುಟ್ಟಿದ್ದಾದರೆ, ಹೊರಗಿನ ಜಗತ್ತಿಗೆ ಅದು ಹೇಗೆ ಹೊಂದುತ್ತದೆ?

ಎಲ್ಲ ಗಣಿತವೂ ಹೊಂದುವುದಿಲ್ಲ. ಹೊಂದುವುದನ್ನು ನಾವೇ ಆರಿಸಿಕೊಳ್ಳುತ್ತೇವೆ. 'ಹೀಗಿದ್ದರೆ ಹಾಗಾಗುತ್ತದೆ' ಅಂತಷ್ಟೇ ಗಣಿತ ಹೇಳುವುದು. ನಿಜಕ್ಕೂ ಹೀಗಿದೆಯಾ ಅನ್ನುವುದನ್ನು ಅಳೆದೇ ನೋಡಬೇಕು.

50 ಮಿಲಿಲೀಟರ್ ನೀರಿಗೆ 50 ಮಿಲಿಲೀಟರ್ ಶುದ್ಧ ಎಥನಾಲ್ (ಮದ್ಯಸಾರ) ಬೆರೆಸಿ. 100 ಆಗಬೇಕು ಅಲ್ವಾ? ಆಗುವುದಿಲ್ಲ, ಸುಮಾರು 96 ಆಗುತ್ತದೆ. ಎರಡರ ಅಣುಗಳೂ ಬೆರೆತಾಗ ಇನ್ನಷ್ಟು ಒತ್ತಾಗಿ ಕೂರುತ್ತವೆ. ಹಾಗಂತ 50+50=100 ಸುಳ್ಳಾಗಲಿಲ್ಲ. ಇಲ್ಲಿ ಸುಮ್ನೆ ಕೂಡಿಬಿಡುವ ಲೆಕ್ಕ ತೂಕಕ್ಕೆ ಹೊಂದುತ್ತದೆ, ಅಳತೆಪಾತ್ರೆಯ ಗಾತ್ರಕ್ಕೆ ಹೊಂದುವುದಿಲ್ಲ. ಯಾವುದಕ್ಕೆ ಹೊಂದುತ್ತದೆ ಅಂತ ತಿಳಿಸಿದ್ದು ಗಣಿತವಲ್ಲ, ಪ್ರಯೋಗ.

ನನಗಂತೂ ಇಷ್ಟರಿಂದಲೇ ಪೂರ್ತಿ ಸಮಾಧಾನವಾಗುವುದಿಲ್ಲ. 1928ರಲ್ಲಿ ಭೌತವಿಜ್ಞಾನಿ ಡಿರಾಕ್ ಎಲೆಕ್ಟ್ರಾನಿಗೆಂದು ಬರೆದ ಸಮೀಕರಣದಲ್ಲಿ, ಯಾರೂ ಕೇಳದ ಉತ್ತರಗಳೂ ಜೊತೆಗೆ ಬಂದವು. ಅವುಗಳಿಗೆ ಅರ್ಥ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಎಲೆಕ್ಟ್ರಾನಿನಷ್ಟೇ ದ್ರವ್ಯರಾಶಿ, ಆದರೆ ವಿರುದ್ಧ ಚಾರ್ಜ್ ಇರುವ ಇನ್ನೊಂದು ಕಣ. 1932ರಲ್ಲಿ ಇನ್ನೊಬ್ಬ ಭೌತವಿಜ್ಞಾನಿ ಆಂಡರ್ಸನ್ ಅಂಥ ಕಣವನ್ನು ನಿಜವಾಗಿಯೇ ಕಂಡರು. ಅದೇ ಪಾಸಿಟ್ರಾನ್. ನಾವು ಹಾಕದೇ ಇದ್ದದ್ದನ್ನೂ ಸಮೀಕರಣ ಹೇಗೆ ಕೊಟ್ಟಿತು ಅನ್ನುವ ಬಗ್ಗೆ ತತ್ತ್ವಶಾಸ್ತ್ರಜ್ಞರಲ್ಲಿ ಇವತ್ತಿಗೂ ಒಮ್ಮತವಿಲ್ಲ.