ಕೆಂಡದಂಥ ಹುಲಿ ಜಿಂಕೆಗೇಕೆ ಕಾಣದು?

ಪ್ರಶ್ನೆ: ನಾಗರಹೊಳೆ ಸಫಾರಿಯಲ್ಲಿ ಹುಲಿ ಕಂಡೆವು. ಹಸಿರು ಲಂಟಾನದ ಮುಂದೆ ಅದರ ಕೇಸರಿ ಮೈ ಕಣ್ಣಿಗೆ ರಾಚುತ್ತಿತ್ತು. ಸ್ವಲ್ಪವೇ ದೂರದಲ್ಲಿ ಜಿಂಕೆಗಳು ತಮ್ಮ ಪಾಡಿಗೆ ಮೇಯುತ್ತಿದ್ದವು. ಅವಕ್ಕೆ ಹುಲಿ ಕಾಣಲಿಲ್ಲವೇ? ಮೈಬಣ್ಣ ಬೇಟೆಗೆ ನೆರವಾಗುತ್ತದೆ ಎನ್ನುವುದಾದರೆ ಹುಲಿ ಹಸಿರಾಗಿರಬೇಕಿತ್ತಲ್ಲ?
– ಓದುಗರೊಬ್ಬರು, ಮೈಸೂರು

ಉತ್ತರ: ಕಂಡಿದ್ದರೆ ಅವು ಮೇಯುತ್ತಿರಲಿಲ್ಲ. ಕಿವಿ ನಿಮಿರಿಸಿ, ಹುಲಿಯತ್ತಲೇ ದಿಟ್ಟಿಸಿ, ಮುಂಗಾಲು ಬಡಿದು ಕೂಗುತ್ತಿದ್ದವು. ನಿಮಗೆ ರಾಚಿದ ಬಣ್ಣ ಅವಕ್ಕೆ ರಾಚುವುದೇ ಇಲ್ಲ.

ಬಣ್ಣ ಗುರುತಿಸುವ ಶಂಕುಕೋಶಗಳು ನಮ್ಮ ಕಣ್ಣಲ್ಲಿ ಮೂರು ಬಗೆ; ಜಿಂಕೆ, ಕಡವೆಗಳಲ್ಲಿ ಎರಡೇ. ಹಾಗಾಗಿ ಕೇಸರಿಗೂ ಹಸಿರಿಗೂ ಅವು ಹೆಚ್ಚು ವ್ಯತ್ಯಾಸ ಕಾಣವು. ಕೆಂಪು-ಹಸಿರು ವರ್ಣಾಂಧತೆ ಇರುವವರು ನಿಮ್ಮ ಬಳಗದಲ್ಲಿದ್ದರೆ ನೀವು ತೆಗೆದ ಹುಲಿಯ ಫೋಟೊ ತೋರಿಸಿ ನೋಡಿ, ಜಿಂಕೆಯ ಪಾಡು ಅರ್ಥವಾದೀತು.

ಇನ್ನು ಹಸಿರು ಹುಲಿ. ಸಸ್ತನಿಗಳ ರೋಮಕ್ಕೆ ಬಣ್ಣ ಕೊಡುವುದು ಮೆಲನಿನ್. ಅದರಲ್ಲಿ ಎರಡೇ ಜಾತಿ: ಒಂದು ಕಪ್ಪು-ಕಂದು, ಇನ್ನೊಂದು ಕೆಂಪು-ಹಳದಿ. ಹಸಿರು ಆ ಅಂಗಡಿಯಲ್ಲಿ ಸಿಗುವುದಿಲ್ಲ. (ದಕ್ಷಿಣ ಅಮೆರಿಕದ, ಮರದಲ್ಲೇ ನೇತಾಡಿಕೊಂಡಿರುವ ಸ್ಲಾತ್ ಎಂಬ ಪ್ರಾಣಿ ಹಸಿರಾಗಿ ಕಾಣುತ್ತದಲ್ಲ ಎನ್ನಬೇಡಿ; ಅದು ಅದರ ರೋಮದಲ್ಲಿ ಬೆಳೆದ ಪಾಚಿ.) ನೋಡುವವನಿಗೆ ಕೇಸರಿಯೇ ಹಸಿರಾಗಿ ಕಂಡರೆ ಹುಲಿಗೆ ಅಷ್ಟೇ ಸಾಕು.

ಪಟ್ಟೆಗಳ ಕೆಲಸ ಬೇರೆ. ಪ್ರಾಣಿಯನ್ನು ಗುರುತಿಸುವಾಗ ಕಣ್ಣು ಮೊದಲು ಹುಡುಕುವುದು ಅದರ ಅಂಚನ್ನು. ಎತ್ತರದ ಹುಲ್ಲು, ಬಿದಿರುಮೆಳೆಯ ನೆರಳು-ಬಿಸಿಲುಗಳ ನಡುವೆ ಕಪ್ಪು ಪಟ್ಟೆ ಆ ಅಂಚನ್ನು ತುಂಡು ತುಂಡು ಮಾಡುತ್ತದೆ. ಹುಲಿ ಅಲ್ಲೇ ಇದ್ದರೂ ಹುಲಿಯ ಆಕಾರ ಇರುವುದಿಲ್ಲ. ಮರೆಸುವ ಈ ಪಟ್ಟೆಯೇ ಹುಲಿಯ ಗುರುತಿನ ಚೀಟಿಯೂ ಹೌದು: ಒಂದರಂತೆ ಇನ್ನೊಂದರದು ಇಲ್ಲ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಇದೇ ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದರೆ ತಾನೇ ಚಿತ್ರ ತೆಗೆಯುವ ಕ್ಯಾಮೆರಾ) ಇಟ್ಟು, ಪಟ್ಟೆಗಳಿಂದ ಹುಲಿಗಳನ್ನು ಗುರುತಿಸಿ ಸಂಖ್ಯೆ ಅಂದಾಜು ಮಾಡಿದರು.

ಆದರೆ ಎಷ್ಟೇ ಒಳ್ಳೆಯ ವೇಷವಾದರೂ ಅಲುಗಾಡಿದರೆ ಕೆಟ್ಟಿತು. ಬಣ್ಣದಲ್ಲಿ ಸೋಲುವ ಜಿಂಕೆ ಚಲನೆ ಹಿಡಿಯುವುದರಲ್ಲಿ ಚುರುಕು. ಅದಕ್ಕೇ ಹುಲಿ ಹೊಟ್ಟೆ ನೆಲಕ್ಕೆ ತಾಗಿಸಿ ಒಂದೊಂದೇ ಹೆಜ್ಜೆ ಇಡುತ್ತದೆ, ಜಿಂಕೆ ತಲೆಯೆತ್ತಿದರೆ ಇದ್ದಲ್ಲೇ ಕಲ್ಲಾಗುತ್ತದೆ. ದೂರ ಅಟ್ಟಿಸಿಕೊಂಡು ಓಡುವ ಮೈಯಲ್ಲ ಅದರದು. ತೀರಾ ಹತ್ತಿರ ಬಂದೇ ನೆಗೆಯಬೇಕು. ಗುಂಪುಗಟ್ಟಿ ಓಡಿಸಿ ದಣಿಸುವ ಸೀಳುನಾಯಿಗೆ ಅಡಗುವ ಚಿಂತೆ ಇಷ್ಟಿಲ್ಲ.

ಇಷ್ಟಾದರೂ ಹುಲಿಯ ವೇಷ ನಡೆಯದ ಒಬ್ಬ ಆಸಾಮಿ ಅದೇ ಕಾಡಿನಲ್ಲಿದ್ದಾನೆ: ಕಪ್ಪು ಮೋರೆಯ ಕೋತಿ, ಮುಸುವ. ಅದಕ್ಕೆ ನಮ್ಮಂತೆಯೇ ಮೂರು ಬಗೆಯ ಶಂಕುಕೋಶ, ಜೊತೆಗೆ ಮರದ ತುದಿಯ ಆಸನ. ಮುಸುವಗಳ ಹಿಂಡಿರುವ ಮರದಡಿ ಜಿಂಕೆಗಳು ಸೇರುವುದು ಉದುರುವ ಎಲೆ-ಕಾಯಿಗಳ ಆಸೆಗೆ. ಆದರೆ ಮೇಲಿನಿಂದ 'ಖಕ್' ಎಂದು ಕೆಮ್ಮಿದ ದನಿ ಬಂದರೆ ಸಾಕು, ತಿನ್ನುವುದನ್ನು ಬಿಟ್ಟು ತಲೆಯೆತ್ತುತ್ತವೆ. ನೀವು ಕಂಡ ಜಿಂಕೆಗಳ ತಲೆಯ ಮೇಲೆ ಅಂದು ಮುಸುವ ಇರಲಿಲ್ಲವೆಂದು ತೋರುತ್ತದೆ.