ಡಿಪ್ಲೊಮಾ, ಪಿಆರ್, ಇಲ್ಲಂದ್ರ ಅಸೈಲಮ್ ಅಂತ ಏಜೆಂಟ ಹೇಳಿದ್ರ

ತಮ್ಮಾ, ಧಾರವಾಡದಾಗ ಬಿ.ಎಸ್ಸಿ. ಮುಗಿಸಿ ಕೆನಡಾಕ್ಕ ಡಿಪ್ಲೊಮಾಕ್ಕ ಬರಬೇಕಂತ ಮಾಡೀದಿ. "ಪಿಆರ್ (ಅಲ್ಲೇ ಕಾಯಂ ಇರೋ ಪರವಾನಗಿ) ಸಿಗಲಿಲ್ಲಂದ್ರ ಅಸೈಲಮ್ ಕೇಸ್ (ನಮ್ಮ ದೇಶದಾಗ ಜೀವಕ್ಕ ಅಪಾಯ ಐತಿ, ಆಶ್ರಯ ಕೊಡ್ರಿ ಅನ್ನೋ ಅರ್ಜಿ) ಹಾಕಿದ್ರಾತು" ಅಂತ ಹುಬ್ಬಳ್ಳಿ ಏಜೆಂಟ ಹೇಳ್ಯಾನ, ಖರೇನ ಅಂತ ಕೇಳೀದಿ. ಕೇಸ್ ಹಾಕಾಕ ಬರ್ತೈತಿ, ಆದ್ರ ಕೆನಡಾಕ್ಕ ಬಂದು ಒಂದು ವರ್ಷ ದಾಟಿದ ಮ್ಯಾಲ ಹಾಕಿದ್ರ ಹೊಸ ಕಾಯ್ದೆ ಪ್ರಕಾರ ಅದು ಮಾಮೂಲಿ ವಿಚಾರಣೆಗೆ ಹೋಗೂದಿಲ್ಲ. ಹಾಕಿದ ಮ್ಯಾಲ ಏನಾಗ್ತೈತಿ ಅನ್ನೋದನ್ನ ಅಂವ ಹೇಳಿಲ್ಲ.

ಮೊದಲ ಪಾಸ್‌ಪೋರ್ಟ್ ಇಸ್ಕೊಂಡು ಇಟ್ಕೋತಾರ. ಜೊತಿಗೇನ ದೇಶ ಬಿಡಬೇಕು ಅನ್ನೋ ಆರ್ಡರ್ ನಿನ್ನ ಹೆಸರಿಗೆ ಬರೀತಾರ. ಕೇಸ್ ಮುಗಿಯೂತನಕ ಅದು ಜಾರಿ ಆಗೂದಿಲ್ಲ, ಅಷ್ಟ. ನಡುವ ವರ್ಕ್ ಪರ್ಮಿಟ್ ಸಿಗತೈತಿ, ಏಜೆಂಟ ತೋರಸೂದು ಇದೊಂದನ್ನ. ವಿಚಾರಣೆದಾಗ ಕೇಳೂದು ಬ್ಯಾರೆ: ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಇಲ್ಲಾ ಯಾವುದರೆ ಸಾಮಾಜಿಕ ಗುಂಪಿನ ಕಾರಣಕ್ಕ ನಿನಗ ಕಿರುಕುಳದ ಭಯ ಐತೇನು? ಮಳಿ ಹೋತು, ಹೊಲದ ಮ್ಯಾಲ ಸಾಲ ಐತಿ, ನೌಕರಿ ಇಲ್ಲ, ಇವು ಯಾವೂ ಅದರಾಗ ಬರೂದಿಲ್ಲ. ಭಯ ಖರೇ ಇದ್ರೂ ಇನ್ನೊಂದು ಪ್ರಶ್ನೆ ಇರ್ತೈತಿ: ನವಲಗುಂದದಾಗ ತ್ರಾಸ ಇದ್ರ ಮೈಸೂರಿಗೆ ಹೋಗಿ ಯಾಕ ಇರಬಾರದು? ನಮ್ಮ ದೇಶದವರ ಕೇಸ್ ಎಷ್ಟೋ ಬಿದ್ದು ಹೋಗೂದು ಇಲ್ಲೇ. ಬಿದ್ದು, ಆರ್ಡರ್ ಜಾರಿ ಆದ್ರ 30 ದಿನದಾಗ ಹೊರಡಬೇಕು, ಹೋಗೂಮುಂದ ಗಡಿ ಅಧಿಕಾರಿ ಕಡೆ ದಾಖಲಾನೂ ಮಾಡಿಸಬೇಕು. ತಪ್ಪಿದ್ರ ಅದು ಡಿಪೋರ್ಟೇಶನ್ ಆರ್ಡರ್ ಆಗ್ತೈತಿ. ಆಮ್ಯಾಲ ವಿಶೇಷ ಅನುಮತಿ ಇಲ್ಲದ ಕೆನಡಾಕ್ಕ ಕಾಲಿಡಾಕ ಬರೂದಿಲ್ಲ. ಖರೇ ಜೀವಭಯಕ್ಕ ಓಡಿ ಬಂದವ್ರೂ ಅದ ಪಾಳೇದಾಗ ನಿಂತಾರ ಅನ್ನೋದನ್ನೂ ನೆನಪಿಡು.

ಡಿಪ್ಲೊಮಾ ವಿಷಯಕ್ಕ ಬರೂಣು. 2024ರ ನವೆಂಬರ್ 1ರಿಂದ ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕಿದವರಿಗೆ, ಕಾಲೇಜ್ ಡಿಪ್ಲೊಮಾ ಆದ್ರ, ಸರಕಾರದ ಪಟ್ಟಿಯೊಳಗಿನ ವಿಷಯ ಓದಿದ್ರ ಮಾತ್ರ ಓದಿನ ನಂತರದ ವರ್ಕ್ ಪರ್ಮಿಟ್. ಬರೇ ಕೋರ್ಸಿನ ಹೆಸರು ನೋಡಿ ನಂಬಬ್ಯಾಡ, ಅದರ ಸಿಐಪಿ ಕೋಡ್ (ಓದೋ ವಿಷಯ ಗುರುತಿಸೋ ನಂಬರ್, ಪಟ್ಟಿ ಇರೂದು ಅದರ ಮ್ಯಾಲ) ಎಷ್ಟಂತ ಕಾಲೇಜಿಗೆ ಇಮೇಲ್ ಮಾಡಿ ಕೇಳು. ಸರಕಾರಿ ಕಾಲೇಜಿನ ಹೆಸರಿನ್ಯಾಗ ಖಾಸಗಿಯವರು ಪಾಠ ಮಾಡೋ ಕ್ಯಾಂಪಸ್ ಆದ್ರಂತೂ 2024ರ ಮೇ 15ರ ನಂತರ ಸೇರಿದವರಿಗೆ ಆ ಪರ್ಮಿಟ್ ಇಲ್ಲವೇ ಇಲ್ಲ. ಭಾಷಾ ಪರೀಕ್ಷೆದಾಗ ಒಂದು ತೊಡಕೈತಿ: ಅಡ್ಮಿಶನ್‌ಗೆ ಐಇಎಲ್‌ಟಿಎಸ್ ಅಕಾಡೆಮಿಕ್ ಬರದಿರ್ತಿ, ಓದಿನ ನಂತರದ ವರ್ಕ್ ಪರ್ಮಿಟ್‌ಗೆ ನಡಿಯೂದು ಐಇಎಲ್‌ಟಿಎಸ್ ಜನರಲ್. ಅಂಕ ಎರಡ ವರ್ಷಕ್ಕ ಮುಗೀತಾವ, ಅದಕ್ಕ ಓದು ಮುಗಿಯೂ ಹೊತ್ತಿಗೆ ಬರಿ.

ಆಗೂದಾದ್ರ ಸರಕಾರಿ ಯುನಿವರ್ಸಿಟಿ ಮಾಸ್ಟರ್ಸ್ ನೋಡು. ಪಟ್ಟಿಯ ಕಾಟ ಇಲ್ಲ, ವರ್ಕ್ ಪರ್ಮಿಟ್ 3 ವರ್ಷದ್ದು ಸಿಗತೈತಿ.

ರೊಕ್ಕ: ಒಬ್ಬಾವಗ ಒಂದು ವರ್ಷದ ಖರ್ಚಿಗೆ 22,895 ಕೆನಡಿಯನ್ ಡಾಲರ್ ತೋರಿಸಬೇಕು (2025ರ ಸೆಪ್ಟೆಂಬರ್ 1ರ ಲೆಕ್ಕ), ಫೀ, ವಿಮಾನದ ಖರ್ಚು ಬ್ಯಾರೆ. ಎರಿ ಹೊಲದ ಉತಾರ ಎಷ್ಟು ಕೋಟಿದ್ದಾದ್ರೂ ಕೈಗೆ ಸಿಗೋ ರೊಕ್ಕ ಅಲ್ಲ. ಎಫ್‌ಡಿ ಇಲ್ಲಾ ಮಂಜೂರಾದ ಶಿಕ್ಷಣ ಸಾಲ ಬೇಕು. ಇನ್ನ "ಜಾಬ್ ಆಫರ್ ಕೊಡಿಸ್ತೇನಿ, ಪಾಯಿಂಟ್ ಬರ್ತಾವ" ಅಂತ ಲಕ್ಷಗಟ್ಟಲೆ ಕೇಳಿದ್ರ ಕೊಡಬ್ಯಾಡ, ಎಕ್ಸ್‌ಪ್ರೆಸ್ ಎಂಟ್ರಿಯೊಳಗ (ಪಾಯಿಂಟ್ ಲೆಕ್ಕದ ಮ್ಯಾಲ ಪಿಆರ್‌ಗೆ ಆರಿಸೋ ಪದ್ಧತಿ) ಜಾಬ್ ಆಫರಿನ ಪಾಯಿಂಟ್ 2025ರ ಮಾರ್ಚ್ 25ಕ್ಕ ತಗದಾರ.

ಅರ್ಜಿ ನಿನ್ನ ಇಮೇಲಿನಿಂದ, ನಿನ್ನ ಲಾಗಿನ್‌ನಿಂದ ಹೋಗಲಿ. ಏಜೆಂಟ ಸುಳ್ಳು ಬ್ಯಾಂಕ್ ಕಾಗದ ತುರುಕಿದ್ರೂ 5 ವರ್ಷದ ನಿಷೇಧ ಬೀಳೂದು ನಿನಗ. ಸಬ್ಮಿಟ್ ಒತ್ತೂಕಿಂತ ಮೊದಲ ಒಂದೊಂದ ಪಿಡಿಎಫ್ ತಗದು ನೀನ ಓದು.